ಅಜ್ಜನ ಹಾಡು, ಮೊಮ್ಮಗನ ದನಿ

ಇತರರ ಹಾಡುಗಳನ್ನು ಹಾಡಿ ಹೆಸರು ಗಳಿಸಿದವನನ್ನು ಕಲಾವಿದನೆನ್ನಬೇಕೇ, ಬರಿಯ ಅನುಕರಣೆಗಾರನೆನ್ನಬೇಕೇ? ಸಂಗೀತಪ್ರಿಯರಲ್ಲಿ ಈ ಚರ್ಚೆ ಎಂದಿನಿಂದಲೂ ಇದೆ. ಕೆನಡಾ ದೇಶದ ಗಾಯಕ ಮೈಕೇಲ್ ಬುಬ್ಲೆ 2005ರ ಫೆಬ್ರವರಿಯಲ್ಲಿ ಹೊರತಂದ ‘ಇಟ್ಸ್ ಟೈಮ್’ ಎಂಬ ಆಲ್ಬಮ್ ಈ ಚರ್ಚೆಗೆ ಒಂದು ಒಳ್ಳೆಯ ನಿದರ್ಶನ. ಅದರಲ್ಲಿರುವ ಹಾಡುಗಳು 13. ಅವುಗಳಲ್ಲಿ 12 ಹಾಡುಗಳು ಇತರರವು. ಅತ್ಯಂತ ಹಳೆಯದು 1932ರದು, ಇತ್ತೀಚಿನದು 1972ರದು. ಗಾಯಕ ಹುಟ್ಟಿದ್ದೋ 1975ರಲ್ಲಿ. ಎಂದರೆ ಆ ಹನ್ನೆರಡರಲ್ಲಿ ಒಂದೂ ಆತ ಹುಟ್ಟಿದ ಮೇಲೆ ರಚಿತವಾದುದಲ್ಲ.

ಹೀಗಿದ್ದೂ ಆ ಆಲ್ಬಮ್ ಅನೇಕ ದೇಶಗಳಲ್ಲಿ ಜನಪ್ರಿಯವಾಯಿತು. ಕೆನಡಾದ ಸಂಗೀತ ಕ್ಷೇತ್ರದ ಪ್ರತಿಷ್ಠಿತ ಜೂನೋ ಪ್ರಶಸ್ತಿಗಳಲ್ಲಿ ನಾಲ್ಕು 2006ರಲ್ಲಿ ಈತನ ಪಾಲಾದವು. ವರ್ಷದ ಆಲ್ಬಮ್ ಎಂಬ ಗೌರವವೂ ಅವುಗಳಲ್ಲಿ ಒಂದು. ಹಳೆಯ ಹಾಡುಗಳಿಗೆ ಇಂಥ ಮನ್ನಣೆ ಹೇಗೆ ದೊರೆಯಿತು? ಇದನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೈಕು ತಂದ ಬದಲಾವಣೆ

ಬುಬ್ಲೆಯಂಥ ಗಾಯಕರನ್ನು ಅಲ್ಲಿ ‘ಕ್ರೂನರ್’ ಎಂದು ಕರೆಯುವುದು ವಾಡಿಕೆ. ತೊಟ್ಟಿಲ ಬಳಿ ತಾಯಿ ಗುನುಗುವಂತೆ ಮೆಲುದನಿಯಲ್ಲಿ ಹಾಡುವವನೆಂದು ತಾತ್ಪರ್ಯ. ಈ ಗಾಯನಕ್ರಮಕ್ಕೆ ದಾರಿ ಮಾಡಿಕೊಟ್ಟದ್ದು ಒಂದು ಯಂತ್ರ. 1925ರವರೆಗೆ ಅಮೆರಿಕದ ಗಾಯಕರು ಸಭಾಂಗಣದ ಕೊನೆಯ ಸಾಲಿಗೆ ಮುಟ್ಟುವಂತೆ ಗಂಟಲು ತೆರೆದು ಹಾಡಬೇಕಾಗಿತ್ತು. ಧ್ವನಿಮುದ್ರಣ ಮಾಡುವಾಗಲೂ ಕಹಳೆಯಂಥ ಕೊಳವೆಯೊಳಕ್ಕೆ ಗಟ್ಟಿಯಾಗಿ ಹಾಡಬೇಕಿತ್ತು. ಆ ವರ್ಷ ವಿದ್ಯುತ್ ಮೈಕಿನಿಂದ ಧ್ವನಿಮುದ್ರಣ ಆರಂಭವಾದ ಮೇಲೆ ಪಿಸುಮಾತೂ ಸ್ಪಷ್ಟವಾಗಿ ಕೇಳುವಂತಾಯಿತು. ಮೈಕು ಬರುವ ಮೊದಲು ನಮ್ಮ ಬಯಲಾಟದ ಭಾಗವತರು ಗದ್ದೆಯ ಆಚೆ ಬದಿಗೂ ಕೇಳುವಂತೆ ಏರುಶ್ರುತಿಯಲ್ಲಿ ಹಾಡುತ್ತಿದ್ದುದನ್ನು ಬಲ್ಲ ಹಿರಿಯರಿಗೆ ಈ ವ್ಯತ್ಯಾಸವನ್ನು ವಿವರಿಸಿ ಹೇಳಬೇಕಾಗಿಲ್ಲ.

ರೂಡಿ ವ್ಯಾಲಿ, ಬಿಂಗ್ ಕ್ರಾಸ್ಬಿ ಮೊದಲಾದವರು ಈ ಮೆಲುದನಿಯ ಗಾಯನದಿಂದ ಮನೆಮಾತಾದರು. ರೇಡಿಯೋದಲ್ಲಿ ಅವರ ಹಾಡು ಬಂದರೆ ಪಕ್ಕದಲ್ಲೇ ಕುಳಿತು ತನಗಾಗಿಯೇ ಹಾಡುತ್ತಿದ್ದಾರೆಂದು ಕೇಳುಗನಿಗೆ ಅನಿಸುತ್ತಿತ್ತು. ಇದು ಎಲ್ಲರಿಗೂ ಹಿಡಿಸಲಿಲ್ಲ. ಬೋಸ್ಟನ್ ನಗರದ ಕಾರ್ಡಿನಲ್ ವಿಲಿಯಂ ಓಕಾನೆಲ್ ಅವರು 1932ರಲ್ಲಿ ಈ ಗಾಯನವನ್ನು ಬಹಿರಂಗವಾಗಿ ಖಂಡಿಸಿದರು. ಇಂದು ಅಜ್ಜ ಅಜ್ಜಿಯರ ಸಂಗೀತವೆಂದು ಗೌರವ ಪಡೆಯುವುದು ಅಂದು ಹುಡುಗರನ್ನು ಕೆಡಿಸುವ ಸಂಗೀತವೆನಿಸಿತ್ತು!

ಅದೇ ಕಾಲದಲ್ಲಿ ಬೆಳೆದದ್ದು ‘ಸ್ವಿಂಗ್’. ಕಹಳೆಯ ಜಾತಿಯ ಟ್ರಂಪೆಟ್, ಟ್ರೊಂಬೋನ್, ಜತೆಗೆ ಸ್ಯಾಕ್ಸೊಫೋನ್, ಪಿಯಾನೊ, ಡ್ರಮ್ ಮೊದಲಾದ ವಾದ್ಯಗಳಿದ್ದ ದೊಡ್ಡ ವಾದ್ಯತಂಡಗಳು ನೃತ್ಯಶಾಲೆಗಳಲ್ಲಿ ನುಡಿಸುತ್ತಿದ್ದ ಸಂಗೀತ ಇದು. ಇದರ ಗುಟ್ಟು ಲಯದಲ್ಲಿದೆ. ಒಂದು ಪೆಟ್ಟನ್ನು ಎರಡು ಸಮಪಾಲು ಮಾಡದೆ, ಮೊದಲ ಪಾಲನ್ನು ದೀರ್ಘವಾಗಿಯೂ ಎರಡನೆಯದನ್ನು ಹ್ರಸ್ವವಾಗಿಯೂ ನುಡಿಸುತ್ತಾರೆ. ತೂಗುಯ್ಯಾಲೆಯ ಓಲಾಟ ಅದರಿಂದ ಬರುತ್ತದೆ. ಈ ಲಯವನ್ನು ಕಂಡುಕೊಟ್ಟವರು ಅಮೆರಿಕದ ಕರಿಯ ಜನಾಂಗದ ಸಂಗೀತಗಾರರು. ಡ್ಯೂಕ್ ಎಲಿಂಗ್ಟನ್, ಕೌಂಟ್ ಬೇಸಿ ಅವರಲ್ಲಿ ಪ್ರಮುಖರು. ಫ್ರಾಂಕ್ ಸಿನಾಟ್ರಾ ಇಂಥದೇ ಒಂದು ತಂಡದಲ್ಲಿ ಪಳಗಿದವನು. ತಂಡದ ನಾಯಕ ಟಾಮಿ ಡಾರ್ಸಿ ಟ್ರೊಂಬೋನ್ ನುಡಿಸುವಾಗ ಉಸಿರನ್ನು ಹಿಡಿಯುತ್ತಿದ್ದ ಕ್ರಮವನ್ನು ನೋಡಿ, ದೀರ್ಘವಾದ ಸಾಲನ್ನು ತುಂಡಾಗದಂತೆ ಹಾಡುವ ವಿದ್ಯೆಯನ್ನು ಆತ ಕಲಿತ. ಎರಡನೆಯ ಮಹಾಯುದ್ಧದ ಬಳಿಕ ದೊಡ್ಡ ತಂಡಗಳು ಒಂದೊಂದಾಗಿ ಮುಚ್ಚಿದವು. ಮುಂದೆ ರಾಕ್ ಸಂಗೀತದ ಅಬ್ಬರದಲ್ಲಿ ಆ ಹಾಡುಗಳು ಹಿರಿಯರ ತಟ್ಟೆಗಳಲ್ಲಿ ಉಳಿದವು.

ಪ್ಲಂಬರ್ ಅಜ್ಜನ ಗುರುಕುಲ

ಅಂಥ ಹಳೆಯ ತಟ್ಟೆಗಳಿದ್ದ ಮನೆಗಳಲ್ಲಿ ಒಂದು ಬುಬ್ಲೆಯ ಅಜ್ಜನದು. ಕೆನಡಾದ ಪಶ್ಚಿಮ ಕರಾವಳಿಯಲ್ಲಿ ವ್ಯಾಂಕೂವರಿನ ನೆರೆಯ ಬರ್ನಬಿ ಎಂಬ ಊರು ಈತನ ಹುಟ್ಟೂರು. ತಂದೆ ಸಾಲ್ಮನ್ ಮೀನು ಹಿಡಿಯುವ ವೃತ್ತಿಯವರು. ಮಗನೂ ಹದಿಹರೆಯದಲ್ಲಿ ಕೆಲವು ಬೇಸಗೆ ತಂದೆಯ ದೋಣಿಯಲ್ಲಿ ದುಡಿದವನು. ತಾಯಿಯ ತಂದೆ ಡೆಮೆಟ್ರಿಯೊ ಸಂತಾಗ ಇಟಲಿಯಿಂದ ಬಂದು ನೆಲೆಸಿದವರು, ನಳ್ಳಿ ಪೈಪುಗಳ ಕೆಲಸ ಮಾಡುವ ಪ್ಲಂಬರ್. ಮೊಮ್ಮಗನಿಗೆ ಸ್ವಿಂಗ್ ಹಾಡುಗಳ ರುಚಿ ಹತ್ತಿಸಿದವರು ಅವರು.

ಅಜ್ಜ ಕೇಳಿಸಿ ಸುಮ್ಮನಾಗಲಿಲ್ಲ. ಹುಡುಗನಿಗೆ ಹಾಡುಗಾರಿಕೆಯ ಪಾಠ ಹೇಳಿಸಿದರು. ವೇದಿಕೆ ಸಿಗದಾಗ ಅವರು ಹೂಡಿದ ಉಪಾಯ ಮೆಚ್ಚತಕ್ಕದ್ದು. ಸಂಗೀತಗಾರರ ಮನೆಯ ನಳ್ಳಿ, ಪೈಪುಗಳನ್ನು ಅವರು ಸಂಬಳವಿಲ್ಲದೆ ರಿಪೇರಿ ಮಾಡಿಕೊಡುವರು. ಅದಕ್ಕೆ ಪ್ರತಿಯಾಗಿ ಮೊಮ್ಮಗನಿಗೆ ಅವರ ತಂಡದ ಜತೆ ಒಂದೆರಡು ಹಾಡು ಹಾಡಲು ಅವಕಾಶ! ಮೊಮ್ಮಗನ ವಿದ್ಯೆಗೆ ಅಜ್ಜ ತೆತ್ತ ಫೀಸು ಹೀಗೆ ಕೈಕೆಲಸದ ರೂಪದಲ್ಲಿತ್ತು. ಪ್ರಸಿದ್ಧನಾದ ಮೇಲೂ ಬುಬ್ಲೆ ಈ ಋಣವನ್ನು ಸಂದರ್ಶನಗಳಲ್ಲಿ ಮತ್ತೆ ಮತ್ತೆ ಹೇಳಿಕೊಂಡಿದ್ದಾನೆ.

ಹತ್ತು ವರ್ಷಗಳಷ್ಟು ಕಾಲ ಆತ ಸಣ್ಣಪುಟ್ಟ ಕ್ಲಬ್ಬು, ಹೋಟೆಲುಗಳಲ್ಲಿ ಹಾಡಿಕೊಂಡಿದ್ದ. 2000ದಲ್ಲಿ ಕೆನಡಾದ ಮಾಜಿ ಪ್ರಧಾನಿ ಬ್ರಯಾನ್ ಮಲ್ರೋನಿ ಅವರ ಮಗಳ ಮದುವೆಯಲ್ಲಿ ಹಾಡುವ ಸಂದರ್ಭ ಒದಗಿತು. ಅತಿಥಿಗಳಲ್ಲಿ ಹೆಸರಾಂತ ನಿರ್ಮಾಪಕ ಡೇವಿಡ್ ಫಾಸ್ಟರ್ ಇದ್ದ. ಹಾಡು ಮೆಚ್ಚಿಗೆಯಾದರೂ ಇಂಥ ಸಂಗೀತ ಈ ಕಾಲದಲ್ಲಿ ಮಾರಾಟವಾದೀತೇ ಎಂಬ ಶಂಕೆ ಆತನನ್ನು ಕಾಡಿತು. ಕೊನೆಗೂ ಒಪ್ಪಿದ. ಅವರಿಬ್ಬರು ಜತೆಗೂಡಿದ ಮೊದಲ ಆಲ್ಬಮ್ 2003ರಲ್ಲಿ ಬಂತು. ಎರಡು ವರ್ಷಗಳ ಬಳಿಕ ಬಂದದ್ದೇ ‘ಇಟ್ಸ್ ಟೈಮ್’.

ಗೆದ್ದ ಹಾಡು, ಸೋತ ಹಾಡು

ಹಳೆಯ ಹಾಡನ್ನು ಮತ್ತೆ ಹಾಡುವವನಿಗೆ ಎರಡು ಅಪಾಯಗಳಿವೆ. ಇದ್ದಂತೆಯೇ ಹಾಡಿದರೆ ನಕಲು ಎನ್ನುತ್ತಾರೆ, ತೀರ ಬದಲಾಯಿಸಿದರೆ ಕೆಡಿಸಿದ ಎನ್ನುತ್ತಾರೆ. ಇವೆರಡರ ನಡುವಿನ ಓಣಿಯಲ್ಲಿ ಬುಬ್ಲೆ ಹೇಗೆ ನಡೆದಿದ್ದಾನೆಂಬುದನ್ನು ಕೆಲವು ಹಾಡುಗಳಿಂದ ಕಾಣಬಹುದು.

‘ಎ ಫಾಗಿ ಡೇ’ ಜಾರ್ಜ್ ಗರ್ಶ್ವಿನ್ ರಾಗ ಹಾಕಿ, ಅಣ್ಣ ಐರಾ ಸಾಹಿತ್ಯ ಬರೆದ ಹಾಡು. 1937ರ ಒಂದು ಸಿನಿಮಾಕ್ಕಾಗಿ ಹುಟ್ಟಿದ್ದು. ಆ ಸಿನಿಮಾ ತೆರೆಗೆ ಬರುವ ಮೊದಲೇ, ಅದೇ ವರ್ಷದ ಜುಲೈಯಲ್ಲಿ, ಜಾರ್ಜ್ ತನ್ನ 38ನೆಯ ವಯಸ್ಸಿನಲ್ಲಿ ತೀರಿಕೊಂಡ. ಮಂಜು ಕವಿದ ಲಂಡನ್ನಿನಲ್ಲಿ ಬೇಸತ್ತು ನಡೆಯುವವನಿಗೆ ಪ್ರೀತಿ ಎದುರಾಗುವ ಸಂತೋಷ ಈ ಹಾಡಿನದು. ಬುಬ್ಲೆ ಇದನ್ನು ದೊಡ್ಡ ವಾದ್ಯತಂಡದ ಜತೆ ದ್ರುತಗತಿಯಲ್ಲಿ ಹಾಡಿದ್ದಾನೆ. ಪದಗಳು ಲಯದ ಬೆನ್ನೇರಿ ಹಗುರಾಗಿ ಸಾಗುತ್ತವೆ. ಅಜ್ಜನ ಶಿಕ್ಷಣ ಸಾರ್ಥಕವಾದುದು ಇಲ್ಲಿ ಕೇಳಿಸುತ್ತದೆ.

‘ಯೂ ಡೋಂಟ್ ನೋ ಮಿ’ ಇದಕ್ಕಿಂತ ಭಿನ್ನ. ಪ್ರೀತಿಸುವವಳೆದುರು ನಿಂತು ಕೈ ಕುಲುಕಿದರೂ ಮನಸ್ಸನ್ನು ತೆರೆದು ಹೇಳಲಾರದವನ ಹಾಡು. 1955ರ ಸುಮಾರಿಗೆ ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಶೈಲಿಯಲ್ಲಿ ಹುಟ್ಟಿದ ಇದನ್ನು 1962ರಲ್ಲಿ ಕರಿಯ ಗಾಯಕ ರೇ ಚಾರ್ಲ್ಸ್ ತನ್ನದಾಗಿಸಿಕೊಂಡ. ಬುಬ್ಲೆ ಇಲ್ಲಿ ದನಿಯನ್ನು ತಗ್ಗಿಸಿ, ಹೇಳಲಾಗದ ಮಾತನ್ನು ಹೇಳದೆಯೇ ಬಿಡುತ್ತಾನೆ. ಮೆಲುದನಿಯ ಗಾಯನದ ಶಕ್ತಿ ಇಂಥಲ್ಲಿದೆ.

‘ಟ್ರೈ ಎ ಲಿಟ್ಲ್ ಟೆಂಡರ್‌ನೆಸ್’ 1932ರದು. ಇದನ್ನು 1966ರಲ್ಲಿ ಓಟಿಸ್ ರೆಡಿಂಗ್ ಹಾಡಿದ ರೀತಿ ಜಗದ್ವಿಖ್ಯಾತ. ಮೆಲ್ಲನೆ ಆರಂಭಿಸಿ ಕೊನೆಗೆ ಆವೇಶದ ತುದಿಗೇರುತ್ತಾನೆ. ಅದನ್ನು ಮೀರಿಸುವ ಹಠ ಬುಬ್ಲೆಗೆ ಇಲ್ಲ. ಬಿಂಗ್ ಕ್ರಾಸ್ಬಿಯ ಕಾಲದ ಶಾಂತ ನಡೆಗೇ ಆತ ಮರಳಿದ್ದಾನೆ. ತನ್ನ ಶಕ್ತಿಯ ಮಿತಿಯನ್ನು ಅರಿತು ಹಾಡುವುದೂ ಒಂದು ಜಾಣ್ಮೆ.

ಬೀಟಲ್ಸ್ ತಂಡದ 1964ರ ‘ಕ್ಯಾಂಟ್ ಬೈ ಮಿ ಲವ್’ ಇಲ್ಲಿ ಸ್ವಿಂಗ್ ವೇಷ ತೊಟ್ಟಿದೆ. ದೊಡ್ಡ ವಾದ್ಯತಂಡಗಳ ಕಾಲ ಮುಗಿಯಿತೆಂದು ಸಾರಿದವರ ಹಾಡನ್ನೇ ಆ ವಾದ್ಯಗಳಿಗೆ ಒಪ್ಪಿಸಿದ್ದು ತಮಾಷೆಯಾಗಿದೆ. ಆದರೆ ಇದು ಹೊಸ ಸಾಹಸವಲ್ಲ. ಎಲಾ ಫಿಟ್ಜೆರಾಲ್ಡ್ 1964ರಲ್ಲೇ ಇದನ್ನು ಹೀಗೆ ಹಾಡಿದ್ದಳು. 1962ರ ಇಟಲಿಯ ಹಾಡು ‘ಕ್ವಾಂಡೊ, ಕ್ವಾಂಡೊ, ಕ್ವಾಂಡೊ’ವನ್ನು ನೆಲಿ ಫುರ್ಟಾಡೊ ಎಂಬ ಕೆನಡಾದ ಗಾಯಕಿಯೊಡನೆ ಹಾಡಿದ್ದಾನೆ. ಅಜ್ಜನ ಹುಟ್ಟುನಾಡಿಗೆ ಸಲ್ಲಿಸಿದ ಕಾಣಿಕೆಯೆಂದು ಇದನ್ನು ಕೇಳಿದರೆ ಇನ್ನಷ್ಟು ಸೊಗಸು.

ಇನ್ನು ಸೋಲುಗಳು. ‘ಸೇವ್ ದ ಲಾಸ್ಟ್ ಡಾನ್ಸ್ ಫಾರ್ ಮಿ’ ಹಾಡಿನ ಸಾಹಿತಿ ಡಾಕ್ ಪೋಮಸ್ ಬಾಲ್ಯದಲ್ಲೇ ಪೋಲಿಯೊಕ್ಕೆ ತುತ್ತಾಗಿ ಊರುಗೋಲು ಹಿಡಿದವನು. ತನ್ನ ಮದುವೆಯ ದಿನ ಮದುಮಗಳು ಇತರರೊಡನೆ ಕುಣಿಯುತ್ತಿದ್ದಾಗ ಆತ ಕುಳಿತಲ್ಲೇ ನೋಡಬೇಕಾಯಿತು. ಆ ನೆನಪೇ ಈ ಹಾಡಾಯಿತೆಂದು ಹೇಳುತ್ತಾರೆ. 1960ರಲ್ಲಿ ಡ್ರಿಫ್ಟರ್ಸ್ ತಂಡ ಹಾಡಿದ ಮೂಲದಲ್ಲಿ ಸಂತೋಷದ ಅಡಿಯಲ್ಲಿ ಆ ನೋವಿನ ಎಳೆಯೊಂದು ಸಣ್ಣಗೆ ಮಿಡಿಯುತ್ತದೆ. ಬುಬ್ಲೆಯ ಹಾಡಿನಲ್ಲಿ ಉತ್ಸಾಹ ಉಳಿದು ಆ ಎಳೆ ಕಳೆದುಹೋಗಿದೆ. ‘ಫೀಲಿಂಗ್ ಗುಡ್’ ಸಹ ಹೀಗೆಯೇ. 1965ರಲ್ಲಿ ನೀನಾ ಸಿಮೋನ್ ಯಾವ ವಾದ್ಯವೂ ಇಲ್ಲದೆ ಬರಿದನಿಯಲ್ಲಿ ಅದನ್ನು ಎತ್ತಿಕೊಂಡಾಗ, ಕರಿಯ ಜನಾಂಗದ ಹಕ್ಕಿನ ಹೋರಾಟದ ಆ ದಿನಗಳಲ್ಲಿ, ಬಿಡುಗಡೆಯ ಉಸಿರೇ ಕೇಳಿಸುವಂತಿತ್ತು. ಬುಬ್ಲೆಯ ಕಹಳೆ, ತಮ್ಮಟೆಗಳ ವೈಭವದಲ್ಲಿ ಸಿನಿಮಾ ನಾಯಕನ ಪ್ರವೇಶದ ಗತ್ತು ಮಾತ್ರ ಇದೆ. ಕೇಳಲು ಭರ್ಜರಿ, ನಿಜ. ಆದರೆ ಹಾಡು ಎಲ್ಲಿಂದ ಬಂತೆಂಬ ಸುಳಿವು ಅಲ್ಲಿಲ್ಲ.

‘ಹೋಮ್’: ತೀರಿಸಿದ ಸಾಲ

ಹದಿಮೂರರಲ್ಲಿ ಒಂದು ಹಾಡು ಮಾತ್ರ ಬುಬ್ಲೆಯ ಸ್ವಂತದ್ದು. ಅದರ ಹೆಸರು ‘ಹೋಮ್’. ತನ್ನ ಪಿಯಾನೊ ವಾದಕ ಅಲನ್ ಚಾಂಗ್ ಹಾಗೂ ಎಮಿ ಫಾಸ್ಟರ್ ಜತೆಗೂಡಿ ಇದನ್ನು ರಚಿಸಿದ. ಊರೂರು ಸುತ್ತುವ ಹಾಡುಗಾರನಿಗೆ ಸುತ್ತ ಜನಸಾಗರವಿದ್ದೂ ಕಾಡುವ ಒಂಟಿತನ, ಬರೆದೂ ಕಳುಹಿಸದ ಪತ್ರಗಳು, ಮನೆಗೆ ಮರಳುವ ಹಂಬಲ, ಇಷ್ಟೇ ಅದರ ವಸ್ತು. ಅಬ್ಬರವಿಲ್ಲ, ಕಹಳೆಗಳಿಲ್ಲ. ಮಕ್ಕಳನ್ನು ಕೊಲ್ಲಿ ದೇಶಗಳಿಗೆ ದುಡಿಯಲು ಕಳುಹಿಸಿದ ನಮ್ಮ ಮನೆಗಳವರಿಗೆ ಅದರ ಭಾವ ತಿಳಿಯಲು ಇಂಗ್ಲಿಷ್ ಬರಲೇಬೇಕೆಂದಿಲ್ಲ.

ಆಶ್ಚರ್ಯವೆಂದರೆ, ಹಳೆಯ ಹಾಡುಗಳ ಈ ಆಲ್ಬಮಿನಲ್ಲಿ ಜನ ಎಲ್ಲಕ್ಕಿಂತ ಹೆಚ್ಚಾಗಿ ಅಪ್ಪಿಕೊಂಡದ್ದು ಈ ಹೊಸ ಹಾಡನ್ನು. ಅಮೆರಿಕದಲ್ಲಿ ವಯಸ್ಕ ಶ್ರೋತೃಗಳ ರೇಡಿಯೋ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು 2005ರಲ್ಲಿ ಮೊದಲ ಸ್ಥಾನಕ್ಕೇರಿತು. ಕತೆ ಅಲ್ಲಿಗೆ ಮುಗಿಯಲಿಲ್ಲ. 2007ರಲ್ಲಿ ಐರ್ಲೆಂಡಿನ ವೆಸ್ಟ್‌ಲೈಫ್ ತಂಡ ಅದನ್ನು ಹಾಡಿತು. 2008ರಲ್ಲಿ ಬ್ಲೇಕ್ ಶೆಲ್ಟನ್ ಕಂಟ್ರಿ ಶೈಲಿಯಲ್ಲಿ ಹಾಡಿ ಆ ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೆ ಒಯ್ದ. ಇತರರ ಹಾಡುಗಳನ್ನು ಕಡ ತಂದು ಬೆಳೆದವನು ಇತರರು ಹಾಡಬಲ್ಲ ಒಂದು ಹಾಡನ್ನು ಮರಳಿ ಕೊಟ್ಟಂತಾಯಿತು. ಗರ್ಶ್ವಿನ್ ಹಾಡುಗಳೂ ಜನರಲ್ಲಿ ಉಳಿದದ್ದು ಹೀಗೆಯೇ ಅಲ್ಲವೇ? ರಚಿಸಿದವನನ್ನು ಬಿಟ್ಟು ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಹೋದುದರಿಂದ.

ನಕಲು ಯಾವುದು?

ಸಿನಾಟ್ರಾನ ನೆರಳೆಂದು ಬುಬ್ಲೆಯನ್ನು ಹೀಗಳೆದವರಿದ್ದಾರೆ. ಈ ಮಾತಿನಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಸಿನಾಟ್ರಾ 1956ರಲ್ಲಿ ಅಮರಗೊಳಿಸಿದ ‘ಐವ್ ಗಾಟ್ ಯೂ ಅಂಡರ್ ಮೈ ಸ್ಕಿನ್’ ಹಾಡನ್ನು ಎತ್ತಿಕೊಂಡ ಯಾರಿಗೂ ಹೋಲಿಕೆ ತಪ್ಪಿದ್ದಲ್ಲ. ಆದರೆ ಹಳೆಯ ಹಾಡನ್ನು ಹಾಡಿದ್ದೇ ತಪ್ಪೆಂದರೆ ಒಪ್ಪುವುದು ಕಷ್ಟ. ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾದ ರಾಮಾಯಣ ಪ್ರಸಂಗಗಳ ಪದ್ಯಗಳನ್ನು ತಲೆಮಾರುಗಳಿಂದ ಭಾಗವತರು ಹಾಡುತ್ತ ಬಂದಿದ್ದಾರೆ. ಇದು ನಿಮ್ಮ ಸ್ವಂತದ್ದಲ್ಲವಲ್ಲ ಎಂದು ನಮ್ಮಲ್ಲಿ ಯಾರಾದರೂ ಕೇಳಿದ್ದುಂಟೇ? ರಾಗ ಸಂದರ್ಭಕ್ಕೆ ಒಪ್ಪಿತೇ, ಪದ್ಯದ ಭಾವ ಹೊಮ್ಮಿತೇ ಎಂದಷ್ಟೇ ನೋಡುತ್ತೇವೆ.

ತರಗತಿಯಲ್ಲಿ ಇದು ನಿತ್ಯದ ಅನುಭವ. ಒಂದೇ ಪದ್ಯವನ್ನು ನಲವತ್ತು ಮಕ್ಕಳು ಕಂಠಪಾಠ ಒಪ್ಪಿಸುತ್ತಾರೆ. ಅಕ್ಷರ ತಪ್ಪದವರು ಹಲವರು. ಪದ್ಯವನ್ನು ತನ್ನ ಮಾತೆಂಬಂತೆ ಹೇಳುವವರು ಒಬ್ಬಿಬ್ಬರು. ಆ ಒಬ್ಬಿಬ್ಬರು ಹೇಳುವಾಗ ಉಳಿದವರೂ ತಲೆಯೆತ್ತಿ ಕೇಳುತ್ತಾರೆ. ಪದ್ಯ ಮಾತ್ರ ಯಾರ ಬಾಯಲ್ಲೂ ಬದಲಾಗಿಲ್ಲ. ‘ಇಟ್ಸ್ ಟೈಮ್’ ಆಲ್ಬಮಿನಲ್ಲಿ ಬುಬ್ಲೆ ಗೆದ್ದದ್ದು ಹಾಡನ್ನು ತನ್ನ ಮಾತನ್ನಾಗಿ ಮಾಡಿಕೊಂಡಲ್ಲಿ, ಸೋತದ್ದು ಚೆನ್ನಾಗಿ ಒಪ್ಪಿಸಿದಲ್ಲಿ. ಆತನಿಗೆ ಆಮೇಲೆ ಐದು ಗ್ರ್ಯಾಮಿ ಪ್ರಶಸ್ತಿಗಳು ಬಂದಿವೆ. ಅವುಗಳಲ್ಲಿ ಮೊದಲನೆಯದು 2008ರಲ್ಲಿ, ಐದನೆಯದು 2023ರಲ್ಲಿ.

ಆಸಕ್ತ ಓದುಗರಿಗೆ ಒಂದು ಸೂಚನೆ. ಹಿಂದೆ ಇಂಥ ತಟ್ಟೆಗಳನ್ನು ಪರದೇಶದಿಂದ ತರಿಸಬೇಕಾಗಿತ್ತು. ಈಗ ಹಳೆಯದೂ ಹೊಸದೂ ಅಂಗೈಯ ಫೋನಿನಲ್ಲೇ ಸಿಗುತ್ತವೆ. ಮೊದಲು ರೇ ಚಾರ್ಲ್ಸ್, ಆಮೇಲೆ ಬುಬ್ಲೆ. ಮೊದಲು ನೀನಾ ಸಿಮೋನ್, ಆಮೇಲೆ ಬುಬ್ಲೆ, ಹೀಗೆ ಜೋಡಿಯಾಗಿ ಕೇಳಿದರೆ ಮೇಲೆ ಹೇಳಿದ ಮಾತು ಸರಿಯೋ ಅಲ್ಲವೋ ಎಂದು ತಾವೇ ತೀರ್ಮಾನಿಸಬಹುದು. ಕೇಳುವಾಗ ಮನೆಯ ಮಕ್ಕಳನ್ನೂ ಹತ್ತಿರ ಕೂರಿಸಿಕೊಳ್ಳಿ. ಬರ್ನಬಿಯ ಆ ಪ್ಲಂಬರ್ ಅಜ್ಜ ಮಾಡಿದ್ದೂ ಮೊದಲಿಗೆ ಇಷ್ಟನ್ನೇ.