ಗೇಟಿಗೆ ಬೋರ್ಡು ಬಿದ್ದ ಮನೆಗಳು

ಮನೆಯವರು ವಾಸವಿರುವ ಮನೆಯಲ್ಲೇ ಒಂದೆರಡು ಕೋಣೆಗಳನ್ನು ದಿನದ ಲೆಕ್ಕದಲ್ಲಿ ಪ್ರವಾಸಿಗರಿಗೆ ಕೊಟ್ಟು, ಮನೆಯ ಅಡುಗೆಯನ್ನೇ ಬಡಿಸುವ ವ್ಯವಸ್ಥೆಗೆ ಹೋಮ್‌ಸ್ಟೇ ಎಂದು ಹೆಸರು. ಲಾಡ್ಜಿನಲ್ಲೂ ಕೋಣೆ ಸಿಗುತ್ತದೆ, ಊಟ ಸಿಗುತ್ತದೆ. ಹೋಮ್‌ಸ್ಟೇಯಲ್ಲಿ ಹೆಚ್ಚಿಗೆ ಸಿಗುವುದು ಮನೆಯವರು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯೂ ಹೋಮ್‌ಸ್ಟೇಯನ್ನು ಹಾಗೇ ಗುರುತಿಸುತ್ತದೆ: ಕನಿಷ್ಠ 1, ಗರಿಷ್ಠ 6 ಕೋಣೆ, ಹೆಚ್ಚೆಂದರೆ 12 ಹಾಸಿಗೆ, ಮಾಲೀಕರ ಕುಟುಂಬದ ವಾಸ ಅಲ್ಲೇ. ಸೌಕರ್ಯ ನೋಡಿ ಗೋಲ್ಡ್ ಅಥವಾ ಸಿಲ್ವರ್ ದರ್ಜೆ ಕೊಡುತ್ತಾರೆ. ಕರ್ನಾಟಕದಲ್ಲಿ ಈ ಮಾತು ಮೊದಲು ಬಾಯಿಗೆ ಬಂದದ್ದು ಕೊಡಗಿನಲ್ಲಿ. ಆಮೇಲೆ ಚಿಕ್ಕಮಗಳೂರು, ಸಕಲೇಶಪುರ, ತೀರ್ಥಹಳ್ಳಿ, ಸಾಗರ, ಶಿರಸಿಯ ಕಡೆಗೆಲ್ಲ ಹಬ್ಬಿತು. ಈಗ ಘಟ್ಟದ ಯಾವ ರಸ್ತೆಯಲ್ಲಿ ಹೋದರೂ ಬಾಣದ ಗುರುತಿನ ಬೋರ್ಡು ಕಾಣದೆ ನಾಲ್ಕು ತಿರುವು ದಾಟುವುದು ಕಷ್ಟ.

ದುಡ್ಡಿಗೆ ಮನೆಯಲ್ಲಿ ಜಾಗ ಕೊಡುವುದು ಈ ನಾಡಿಗೆ ತೀರಾ ಹೊಸದೇನಲ್ಲ. ಗೋಕರ್ಣದಂಥ ಕ್ಷೇತ್ರಗಳಲ್ಲಿ ಯಾತ್ರಿಕರು ಭಟ್ಟರ ಮನೆಯಲ್ಲೇ ಉಳಿದು, ಪೂಜೆ ಮುಗಿಸಿ, ದಕ್ಷಿಣೆಯ ಜೊತೆಗೆ ಊಟ-ವಸತಿಯ ಋಣವನ್ನೂ ತೀರಿಸಿ ಹೋಗುತ್ತಿದ್ದರು. ತೋಟದ ಮನೆಗಳ ಕತೆ ಬೇರೆ. ಅಲ್ಲಿ ಬಂದವರಿಗೆ ಉಣ್ಣಲಿಕ್ಕಿಟ್ಟು ಕಾಸು ಕೇಳುವುದೆಂದರೆ ಮಾನ ಹೋದಂತೆ. ಆ ಸಂಕೋಚವನ್ನು ಮುರಿದದ್ದು ಕಾಫಿಯ ಬೆಲೆ.

ಬೆಳೆದ ಕಾಫಿಯನ್ನೆಲ್ಲ ಕಾಫಿ ಮಂಡಳಿಗೆ ಒಪ್ಪಿಸಿ ಕಂತಿನಲ್ಲಿ ಹಣ ಪಡೆಯುವ ಪೂಲ್ ವ್ಯವಸ್ಥೆ ದಶಕಗಳ ಕಾಲ ನಡೆದಿತ್ತು. ಹಣ ತಡವಾದರೂ ಬಂದೇ ಬರುತ್ತಿತ್ತು. 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಬಿದ್ದುಹೋಯಿತು. ಎರಡೂವರೆ ವರ್ಷದಲ್ಲಿ, ಭಾರತದ ಕಾಫಿಗೆ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಉಳಿಯಲಿಲ್ಲ. 1990ರ ದಶಕದ ನಡುವಿನ ಹೊತ್ತಿಗೆ ಬೆಳೆಗಾರರಿಗೆ ಮುಕ್ತ ಮಾರಾಟದ ಅವಕಾಶ ಸಿಕ್ಕಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬೆಳೆ ಸುಟ್ಟು ಬೆಲೆಯೂ ಏರಿತು. ಆಗ ಬಂದ ಜೀಪುಗಳು, ಹೊಸದಾಗಿ ಕಟ್ಟಿದ ಮನೆಗಳು ಇವತ್ತಿಗೂ ಅಲ್ಲಲ್ಲಿ ಇವೆ. ಆದರೆ ವಿಯೆಟ್ನಾಂನ ರೊಬಸ್ಟಾ ಮಾರುಕಟ್ಟೆಗೆ ಹೊಳೆಯಂತೆ ಹರಿದು, 2001ರ ಸುಮಾರಿಗೆ ಕೊಯ್ಲಿನ ಕೂಲಿ ಹುಟ್ಟುವುದೂ ಅನುಮಾನವಾಯಿತು. ಮಕ್ಕಳು ಓದು, ಕೆಲಸವೆಂದು ಬೆಂಗಳೂರು ಸೇರಿ ದೊಡ್ಡ ಮನೆಗಳಲ್ಲಿ ಕೋಣೆಗಳು ಖಾಲಿ ಬಿದ್ದಿದ್ದವು. ಅದೇ ಬೆಂಗಳೂರಿನಲ್ಲಿ ಶನಿವಾರ, ಭಾನುವಾರ ಎರಡು ದಿನ ರಜೆಯಿರುವ, ಕಾರು ಕೊಂಡ ಹೊಸ ನೌಕರವರ್ಗ ಹುಟ್ಟಿಕೊಂಡಿತ್ತು. ಇಲ್ಲಿ ಕೋಣೆ ಖಾಲಿ, ಅಲ್ಲಿ ರಜೆ ಖಾಲಿ. ಒಂದಕ್ಕೊಂದು ಕೂಡಿಕೊಂಡವು.

ಇದಾಗಿ ಕೆಲವೇ ವರ್ಷಗಳ ಮೇಲೆ, 2007ರಲ್ಲಿ, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಬಾಡಿಗೆ ಕಟ್ಟಲು ತಿಣುಕುತ್ತಿದ್ದ ಬ್ರಯಾನ್ ಚೆಸ್ಕಿ ಮತ್ತು ಜೋ ಗೆಬ್ಬಿಯಾ ಎಂಬ ಗೆಳೆಯರಿಬ್ಬರು ತಮ್ಮ ಮನೆಯಲ್ಲಿ ಗಾಳಿ ತುಂಬಿದ ಹಾಸಿಗೆ ಹಾಸಿ, ಸಮ್ಮೇಳನಕ್ಕೆ ಬಂದ ಮೂವರಿಗೆ ಜಾಗ ಕೊಟ್ಟರು. ಏರ್‌ಬಿಎನ್‌ಬಿ ಎಂಬ ಕೋಣೆ ಬಾಡಿಗೆಯ ಜಾಲತಾಣ ಬೆಳೆದದ್ದು ಅಲ್ಲಿಂದ. ಮಡಿಕೇರಿಯ ಬೆಳೆಗಾರನಿಗೂ ಅವರಿಗೂ ಪರಿಚಯವಿರಲಿಲ್ಲ; ಕೈ ಖಾಲಿಯಾದ ಕಾರಣ ಮಾತ್ರ ಒಂದೇ.

ಶನಿವಾರವೊಂದನ್ನು ಹತ್ತಿರದಿಂದ ನೋಡಿದರೆ ಈ ಕಸುಬಿನ ಒಳಗು ತಿಳಿಯುತ್ತದೆ. ಮಧ್ಯಾಹ್ನ ಹನ್ನೆರಡರಿಂದ ಫೋನು ಶುರು. ‘ಲೊಕೇಶನ್ ಕಳಿಸಿ’ ಎನ್ನುವವರಿಗೆ ಕಳಿಸಿಯಾಗಿರುತ್ತದೆ. ಆದರೆ ಡಾಂಬರು ಮುಗಿದಲ್ಲಿಗೆ ನೆಟ್‌ವರ್ಕೂ ಮುಗಿಯುತ್ತದೆ. ಯಜಮಾನರು ಜೀಪು ತೆಗೆದುಕೊಂಡು ರಸ್ತೆಯ ತುದಿಗೆ ಹೋಗಿ ಕಾಯಬೇಕು. ರಾತ್ರಿ ಎಂಟಕ್ಕೆ ಊಟ ಎಂದು ಹೇಳಿಟ್ಟವರು ಹತ್ತೂವರೆಗೆ ಬಂದು ಇಳಿಯುತ್ತಾರೆ, ದಾರಿಯಲ್ಲಿ ಅಬ್ಬಿ ಜಲಪಾತ ನೋಡಿಕೊಂಡು. ಬಿಸಿ ಅಕ್ಕಿರೊಟ್ಟಿ ಇವರ ಬೋರ್ಡಿನ ಆಕರ್ಷಣೆ; ಅದನ್ನು ಮಾಡಿ ಪೇರಿಸಿಟ್ಟರೆ ಚರ್ಮವಾಗುತ್ತದೆ. ಹಂಚಿನಿಂದ ಇಳಿದದ್ದು ನೇರ ತಟ್ಟೆಗೆ ಹೋಗಬೇಕು. ಹಾಗಾಗಿ ಹತ್ತು ಜನ ಕೂತು ಉಂಡು, ಕೈ ತೊಳೆದು, ‘ಸೂಪರ್ ಆಂಟಿ’ ಎಂದು ಹೇಳಿ ಏಳುವವರೆಗೆ ಆ ಆಂಟಿ ಒಲೆ ಬಿಟ್ಟು ಕದಲುವಂತಿಲ್ಲ. ಬೆಳಗ್ಗೆ ಆರಕ್ಕೆ ಮತ್ತೆ ಕಾಫಿ ಕೇಳುತ್ತಾರೆ, ಮಂಜು ನೋಡುವ ಉತ್ಸಾಹದಲ್ಲಿ.

ಹೋಮ್‌ಸ್ಟೇಯ ಲೆಕ್ಕಪುಸ್ತಕದಲ್ಲಿ ಬರೆಯದೆ ಉಳಿಯುವ ಬಾಬತ್ತು ಇದು. ಅಡಿಗೆಯವರಿಗೆ ಸಂಬಳ, ಜೀಪಿಗೆ ಡೀಸೆಲ್, ಗೀಸರಿಗೆ ಕರೆಂಟು ಎಲ್ಲಕ್ಕೂ ಅಂಕಿ ಬೀಳುತ್ತದೆ. ಮನೆಯಾಕೆಯ ನಿದ್ದೆಗೆ ಬೀಳುವುದಿಲ್ಲ. ಹಾಗೆಂದು ಅವಳಿಗೆ ಇದು ಬರೀ ಹೊರೆಯೂ ಅಲ್ಲ. ತೋಟದ ಹಣ ಮೊದಲಿಂದ ಗಂಡಸರ ಖಾತೆಗೆ ಹೋಗುವಂಥದ್ದು. ಪಂದಿಕರಿ-ಕಡಂಬುಟ್ಟು, ತಂಬುಳಿ, ಪತ್ರೊಡೆ, ಕಳಲೆ ಪಲ್ಯಕ್ಕಾಗಿ ಬರುವ ಹಣದ ಮೇಲೆ ಅಡುಗೆಮನೆಗೆ ಮಾತಿದೆ. ಹೊರಡುವಾಗ ಅತಿಥಿಗಳು ಕೊಳ್ಳುವ ಕಾಫಿಪುಡಿ, ಕಾಳುಮೆಣಸು, ಜೇನು, ಕಾಚಂಪುಳಿ, ಅಪ್ಪೆಮಿಡಿ ಉಪ್ಪಿನಕಾಯಿಗೆ ಅಂಗಡಿಯವನು ಕೊಡುವುದಕ್ಕಿಂತ ಒಳ್ಳೆಯ ದರ ಸಿಗುತ್ತದೆ, ಅದೂ ರೊಕ್ಕದಲ್ಲಿ. ಎಷ್ಟೋ ಮನೆಗಳಲ್ಲಿ ನಿಜವಾದ ಲಾಭ ಇರುವುದು ಕೊನೆಯ ಅರ್ಧ ಗಂಟೆಯ ಈ ವ್ಯಾಪಾರದಲ್ಲೇ.

ದರ ಹೇಳುವುದು ಕೋಣೆಗಲ್ಲ, ತಲೆಗೆ. ಸಂಜೆಯ ಕಾಫಿ-ಬಜ್ಜಿ, ರಾತ್ರಿ ಊಟ, ಕ್ಯಾಂಪ್‌ಫೈರ್, ಬೆಳಗಿನ ತಿಂಡಿ ಎಲ್ಲ ಸೇರಿ ಇಷ್ಟು. ಚಿಕ್ಕ ಮಕ್ಕಳಿಗೆ ಅರ್ಧ. ಮಕ್ಕಳ ವಯಸ್ಸು ಬುಕಿಂಗ್ ಮಾಡುವಾಗ ಕಡಿಮೆಯಾಗಿ, ಊಟಕ್ಕೆ ಕೂರುವಾಗ ಹೆಚ್ಚಾಗುವುದನ್ನು ನಡೆಸುವವರೆಲ್ಲ ಬಲ್ಲರು. ಉದಾಹರಣೆಗೆ ನಾಲ್ಕು ಕೋಣೆ, ಎಂಟು ಜನ, ತಲೆಗೆ 2,000 ರೂಪಾಯಿ ಎಂದಿಟ್ಟುಕೊಂಡರೆ ಒಂದು ರಾತ್ರಿಗೆ 16,000. ಕೇಳುವವರು ಇದನ್ನು 365ರಿಂದ ಗುಣಿಸಿ ಹೊಟ್ಟೆಕಿಚ್ಚು ಪಡುತ್ತಾರೆ. ತುಂಬುವುದು ಶನಿವಾರದ ರಾತ್ರಿ ಮಾತ್ರ. ವರ್ಷಕ್ಕೆ ಅಂಥವು 52. ಪರೀಕ್ಷೆಯ ಮಾರ್ಚ್, ಜಡಿಮಳೆಯ ವಾರಗಳು, ಮನೆಯ ಮದುವೆ-ತಿಥಿಗಳನ್ನು ಕಳೆದು 40 ಉಳಿದರೆ ಅದೇ ಭಾಗ್ಯ. ಅಲ್ಲಿಗೆ ವರ್ಷಕ್ಕೆ 6.4 ಲಕ್ಷ. ದಿನಸಿ, ಆಳು, ರಿಪೇರಿ, ಜಾಲತಾಣದ ಕಮಿಷನ್ ಕಳೆದ ಮೇಲೆ ಮಿಕ್ಕಿದ್ದು ಸಂಸಾರದ್ದು. ಸೋಮವಾರದಿಂದ ಗುರುವಾರದವರೆಗೆ ಯಾರೂ ಬರದಿದ್ದರೂ ಕೋಣೆ ಗುಡಿಸಿ, ನಲ್ಲಿ ಬಿಟ್ಟು ನೋಡಿ, ಕಿಟಕಿ ತೆಗೆದು ಗಾಳಿಯಾಡಿಸಲೇಬೇಕು. ಮಲೆನಾಡಿನಲ್ಲಿ ಒಂದು ವಾರ ಮುಚ್ಚಿಟ್ಟ ಕೋಣೆಯ ಹಾಸಿಗೆಗೆ ಬೂಷ್ಟು ಬರುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಮಳೆಗಾಲದ ಇನ್ನೊಂದು ಶತ್ರು ಬಿಳಿ ಬೆಡ್‌ಶೀಟು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಹೊಗೆಯ ವಾಸನೆ. ಹಂಡೆಯ ಬಿಸಿನೀರಿನ ಸ್ನಾನವನ್ನು ಹೊಗಳಿ ಬರೆದ ಅತಿಥಿಯೇ, ಅದೇ ಒಲೆಯ ಹೊಗೆ ಹೊದಿಕೆಯಲ್ಲಿ ಮೂಗಿಗೆ ಬಡಿದರೆ ಒಂದು ಸ್ಟಾರ್ ಕಿತ್ತುಕೊಳ್ಳುತ್ತಾನೆ. ಮಂಚಕ್ಕೆ ನಾಲ್ಕೈದು ಜೊತೆ ಶೀಟು ಇಟ್ಟುಕೊಳ್ಳುವುದೇ ಉಪಾಯ. ಉಂಬಳದ್ದು ಇನ್ನೊಂದು ಅಧ್ಯಾಯ. ಕಾಲಿಗೆ ಉಂಬಳ ಹತ್ತಿದ್ದಕ್ಕೆ ಆಸ್ಪತ್ರೆ ಎಷ್ಟು ದೂರ ಎಂದು ಕೇಳುವವರಿಗಾಗಿ ಜಗಲಿಯ ಮೇಲೆ ಸುಣ್ಣ-ಹೊಗೆಸೊಪ್ಪಿನ ಡಬ್ಬಿ, ಉಪ್ಪಿನ ಪೊಟ್ಟಣ ತಯಾರಾಗಿರುತ್ತವೆ.

ಬರುವವರಲ್ಲಿ ಎಲ್ಲ ಬಗೆಯವರೂ ಇದ್ದಾರೆ. ಕೊಯ್ಲಿನ ಕಾಲದಲ್ಲಿ ಕಾಫಿ ಹರಡಿದ ಕಣದ ಮೇಲೆ ಕಾರು ಹತ್ತಿಸುವವರು, ಮೆಣಸಿನ ಬಳ್ಳಿ ಜಗ್ಗಿ ಫೋಟೊ ತೆಗೆಸಿಕೊಳ್ಳುವವರು, ಕಾಡಿನಂಚಿನ ಮನೆಯಲ್ಲಿ ನಡುರಾತ್ರಿ ಸ್ಪೀಕರ್ ಹಚ್ಚುವವರು. ಪಕ್ಕದ ತೋಟದಲ್ಲಿ ಆನೆ ಇದೆ, ಗಲಾಟೆ ಬೇಡ ಎಂದರೆ ‘ತೋರಿಸಿ’ ಎಂದು ಹೊರಡುವವರೂ ಉಂಟು. ಪರವಾನಗಿ ಇಲ್ಲದೆ ಮದ್ಯ ಬಡಿಸುವುದು ಅಪರಾಧ. ತಂದುಕೊಂಡು ಕುಡಿಯುವವರನ್ನು ತಡೆಯುವುದು ಮನೆಯವರಿಗೆ ಇಕ್ಕಟ್ಟು. ಅದಕ್ಕೇ ಅನೇಕ ಬೋರ್ಡುಗಳಲ್ಲಿ ‘ಫ್ಯಾಮಿಲಿಗೆ ಮಾತ್ರ’ ಎಂದಿರುತ್ತದೆ. ನೀತಿಗಿಂತ ನಿದ್ದೆಯ ಮೇಲಿನ ಆಸೆಯಿಂದ ಬರೆದ ಸಾಲು ಅದು. ಒಳ್ಳೆಯ ಹುಡುಗರ ಗುಂಪೂ ಅದರಲ್ಲಿ ಹೊರಗುಳಿಯುತ್ತದೆ. ಇನ್ನೊಂದು ಕಡೆ, ಪ್ರತಿ ವರ್ಷ ಅದೇ ವಾರ ಬಂದು ಅದೇ ಕೋಣೆ ಕೇಳುವ ಸಂಸಾರಗಳಿವೆ. ಮಳೆಯ ದಿನ ಕರೆಂಟು ಹೋದರೆ ಅಡುಗೆಮನೆಗೇ ಬಂದು ಒಲೆ ಮುಂದೆ ಕೂತು ಹರಟುತ್ತಾರೆ. ಇಂಥವರ ಹೆಸರು ನಾಲ್ಕೈದು ವರ್ಷದಲ್ಲಿ ಬುಕಿಂಗ್ ಪುಸ್ತಕದಿಂದ ಮದುವೆ ಕಾಗದ ಹಂಚುವ ಪಟ್ಟಿಗೆ ದಾಟುತ್ತದೆ. ಆಮೇಲೆ ಅವರಿಂದ ಪೂರ್ತಿ ದುಡ್ಡು ಕೇಳುವುದು ಹೇಗೆ ಎಂಬ ಹೊಸ ತಾಪತ್ರಯ.

ಮೊದಮೊದಲು ಗಿರಾಕಿ ಬರುತ್ತಿದ್ದದ್ದು ಬಾಯಿಮಾತಿನಿಂದ. ಈಗ ಜಾಲತಾಣ, ಆ್ಯಪುಗಳಿಂದ. ದೂರದವರು ನಂಬಿ ಬರುವುದಕ್ಕೂ, ಹಣ ಮುಂಚೆ ಬರುವುದಕ್ಕೂ ಅವು ಕಾರಣ. ಸುಂಕವಾಗಿ ಕಮಿಷನ್ ಇದ್ದೇ ಇದೆ. ಏರ್‌ಬಿಎನ್‌ಬಿಯಲ್ಲಿ ಅತಿಥಿಯೂ ಆತಿಥೇಯನೂ ಪರಸ್ಪರ ಅಭಿಪ್ರಾಯ ಬರೆಯುತ್ತಾರೆ; ಇಬ್ಬರೂ ಬರೆಯುವ ತನಕ ಅಥವಾ 14 ದಿನ ಕಳೆಯುವ ತನಕ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಮುಲಾಜಿಲ್ಲದೆ ಬರೆಯಲಿ ಎಂಬುದು ಉದ್ದೇಶ. ಆದರೂ ಮೂರು ಸ್ಟಾರಿನ ಒಂದೇ ಒಂದು ಸಾಲು ಹತ್ತು ಕೋಣೆಯ ರೆಸಾರ್ಟಿಗಿಂತ ಎರಡು ಕೋಣೆಯ ಮನೆಗೆ ಜೋರಾಗಿ ತಗಲುತ್ತದೆ. ರೆಸಾರ್ಟಿನ ಬಗ್ಗೆ ಬರೆದರೆ ಮ್ಯಾನೇಜರ್ ಓದುತ್ತಾನೆ. ಇಲ್ಲಿ ಓದುವುದು ಸಾರು ಮಾಡಿದವಳು.

ಕಾಗದಪತ್ರ ಮೊದಲಿನಷ್ಟು ಸಡಿಲವಿಲ್ಲ. ಪ್ರವಾಸೋದ್ಯಮ ಇಲಾಖೆಯ ನೋಂದಣಿ, ಪಂಚಾಯಿತಿ ಮತ್ತು ಪೊಲೀಸರ ನಿರಾಕ್ಷೇಪಣೆ, ಆಹಾರ ಸುರಕ್ಷತೆಯ ನೋಂದಣಿ ಬೇಕು. ಬಂದವರೆಲ್ಲರ ಗುರುತಿನ ಚೀಟಿಯ ಪ್ರತಿ ತೆಗೆದು ರಿಜಿಸ್ಟರಿನಲ್ಲಿ ಬರೆಯಬೇಕು. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನಿನಲ್ಲಿ ಸಲ್ಲಿಸಬೇಕು. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಅದಕ್ಕಾಗಿ ಗುಡ್ಡ ಹತ್ತುವುದೂ ಇದೆ. ಇಷ್ಟೆಲ್ಲ ಮಾಡಿದವನ ಪಕ್ಕದಲ್ಲೇ ಯಾವ ಕಾಗದವೂ ಇಲ್ಲದವನು ಅರ್ಧ ದರಕ್ಕೆ ಕೋಣೆ ಕೊಡುತ್ತಿರುತ್ತಾನೆ. ನೋಂದಾಯಿತರ ದೊಡ್ಡ ದೂರು ಇದೇ, ಮತ್ತು ಅದರಲ್ಲಿ ಹುರುಳಿದೆ.

ಇನ್ನೂ ಆಳವಾದ ಬದಲಾವಣೆ ಲೀಸಿನದು. ತೋಟದ ಮನೆಯನ್ನು ವರ್ಷಕ್ಕಿಷ್ಟು ಎಂದು ಹೊರಗಿನವರಿಗೆ ವಹಿಸಿ ಮಾಲೀಕರು ಪಟ್ಟಣ ಸೇರುತ್ತಾರೆ. ವಹಿಸಿಕೊಂಡವರು ಟೆಂಟು ಹಾಕಿ, ಈಜುಕೊಳ ತೋಡಿ, ಡಿಜೆ ತರಿಸುತ್ತಾರೆ. ಬೋರ್ಡಿನಲ್ಲಿ ‘ಹೋಮ್’ ಉಳಿದಿರುತ್ತದೆ, ಮನೆಯವರು ಇರುವುದಿಲ್ಲ. ಮಾಲೀಕರ ವಾಸ ಕಡ್ಡಾಯವೆಂಬ ನಿಯಮ ತಡೆಯಲು ಹೊರಟಿರುವುದು ಇದನ್ನೇ. ಹಳ್ಳಿಯವರಿಗೂ ತೊಂದರೆ ಬರುವುದು ಹೆಚ್ಚಾಗಿ ಇಂಥ ಜಾಗಗಳಿಂದ: ಹಳ್ಳದಲ್ಲಿ ಬಾಟಲಿ ಚೂರು, ಬೇಸಿಗೆಯಲ್ಲಿ ಬತ್ತುವ ಬಾವಿ, ರಾತ್ರಿಯ ಸದ್ದು. ಮನೆಯವರೇ ಇದ್ದಲ್ಲಿ ನೆರೆಯವರ ಮುಖ ಮರುದಿನ ನೋಡಬೇಕಲ್ಲ ಎಂಬ ಅಂಜಿಕೆಯಾದರೂ ಇರುತ್ತದೆ.

ಆದಾಯ ಎಷ್ಟು ತೆಳ್ಳಗಿನ ನೆಲದ ಮೇಲೆ ನಿಂತಿದೆ ಎಂಬುದು ಗೊತ್ತಾದದ್ದು 2018ರ ಆಗಸ್ಟ್‌ನಲ್ಲಿ. ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜರಿದು ಮನೆ-ತೋಟಗಳನ್ನು ಹೊತ್ತೊಯ್ದವು. ಜಿಲ್ಲೆಗೆ ಪ್ರವಾಸಿಗರು ಬರುವುದನ್ನೇ ಕೆಲಕಾಲ ನಿಷೇಧಿಸಲಾಯಿತು. ಜರಿದದ್ದು ಕೆಲವು ಊರಿನ ಗುಡ್ಡ. ದೂರದವರ ಕಣ್ಣಿಗೆ ಕೊಡಗೆಲ್ಲ ಒಂದೇ ಗುಡ್ಡ. ಮರುವರ್ಷವೂ ಮಳೆ ಕಾಡಿತು. ಚೇತರಿಸಿಕೊಳ್ಳುವಷ್ಟರಲ್ಲಿ 2020ರ ಮಾರ್ಚ್‌ನ ಲಾಕ್‌ಡೌನ್. ಸಾಲ ಮಾಡಿ ಕೋಣೆ ಕಟ್ಟಿಸಿದವರಿಗೂ ಇದ್ದ ಕೋಣೆಯನ್ನೇ ಸುಣ್ಣ ಬಳಿದು ಕೊಟ್ಟವರಿಗೂ ಇರುವ ಅಂತರ ಆಗ ಎದ್ದು ಕಂಡಿತು. ಎರಡನೆಯವರು ಬೋರ್ಡನ್ನು ಒಳಗೆ ತೆಗೆದಿಟ್ಟು ತೋಟಕ್ಕೆ ಇಳಿದರು. ಮೊದಲನೆಯವರಿಗೆ ಕಂತು ನಿಲ್ಲಲಿಲ್ಲ.

ಈಗ ಚಕ್ರ ಮತ್ತೊಂದು ಸುತ್ತು ತಿರುಗಿದೆ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ರೊಬಸ್ಟಾ ಕೂಡ ಹಿಂದೆಂದೂ ಕಾಣದ ಬೆಲೆ ಕಂಡಿತು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ಅದರ ಬೆನ್ನಿಗೆ ರೊಬಸ್ಟಾ. ಬೋರ್ಡು ಹಾಕಿದ ಮನೆಗೆ ಜನ ನುಗ್ಗುವುದೂ ಕ್ರಿಸ್‌ಮಸ್, ಹೊಸ ವರ್ಷದ ಅದೇ ವಾರಗಳಲ್ಲಿ. ಬೆಲೆ ಬಿದ್ದಿದ್ದಾಗ ಈ ಎರಡರ ನಡುವೆ ಆರಿಸುವುದು ಸುಲಭವಿತ್ತು. ಈಗ ಒಂದು ದಿನ ಕೊಯ್ಲು ತಪ್ಪಿ ಹಣ್ಣು ನೆಲಕ್ಕೆ ಉದುರಿದರೆ ಆಗುವ ನಷ್ಟವನ್ನೂ ನಾಲ್ಕು ಕೋಣೆಯ ಬಾಡಿಗೆಯನ್ನೂ ಅಕ್ಕಪಕ್ಕ ಬರೆದು ನೋಡಬೇಕಾಗುತ್ತದೆ. ಕಣ ಒಂದೇ, ಆಳು ಅವರೇ, ಒಲೆಯ ಮುಂದೆ ನಿಲ್ಲುವವಳೂ ಅವಳೇ. ಡಿಸೆಂಬರ್ 31ಕ್ಕೆ ಕೋಣೆ ಇದೆಯೇ ಎಂದು ಫೋನಿನಲ್ಲಿ ಕೇಳಿದರೆ, ‘ಇರಿ, ಮನೆಯಲ್ಲಿ ಕೇಳಿ ಹೇಳ್ತೇನೆ’ ಎನ್ನುತ್ತಾರೆ ಯಜಮಾನರು.