ಕಕ್ಕಿಂಜೆಯ ಗಸ್ತು ವಾಹನ ಎತ್ತ ಹೋಗಬೇಕು?

ಉಜಿರೆಯಿಂದ ರಾಷ್ಟ್ರೀಯ ಹೆದ್ದಾರಿ 73ರಲ್ಲಿ ಹೊರಟರೆ ಚಾರ್ಮಾಡಿ ಘಾಟಿ ಹತ್ತುವ ಮುನ್ನ ಸಿಗುವ ಪೇಟೆ ಕಕ್ಕಿಂಜೆ. ಇಲ್ಲೊಂದು ಪೊಲೀಸ್ ಗಸ್ತು ವಾಹನ, ಗುರುವಾಯನಕೆರೆಯಲ್ಲಿ ಇನ್ನೊಂದು ಇವೆ ಎಂದಿಟ್ಟುಕೊಳ್ಳೋಣ. ಉಜಿರೆಯಲ್ಲಿ ಅಪಘಾತ, ಅದೇ ಹೊತ್ತಿಗೆ ಘಾಟಿಯ ತಿರುವಿನಲ್ಲಿ ಲಾರಿ ಪಲ್ಟಿ. ಕಕ್ಕಿಂಜೆಯಿಂದ ಉಜಿರೆಗೆ 12 ನಿಮಿಷ, ಘಾಟಿಯ ಆ ತಿರುವಿಗೆ 15. ಗುರುವಾಯನಕೆರೆಯಿಂದಾದರೆ ಉಜಿರೆಗೆ 14, ಘಾಟಿಗೆ 41.

ಮೊದಲು ಬಂದ ಕರೆ ಉಜಿರೆಯದೆಂದು ಹತ್ತಿರದ ಕಕ್ಕಿಂಜೆ ವಾಹನವನ್ನೇ ಅಲ್ಲಿಗೆ ಕಳಿಸಿದರೆ ಘಾಟಿಯಲ್ಲಿ ಸಿಕ್ಕಿಬಿದ್ದವರು 41 ನಿಮಿಷ ಕಾಯಬೇಕು. ಅದಲುಬದಲು ಮಾಡಿದರೆ ಉಜಿರೆಗೆ ಎರಡೇ ನಿಮಿಷ ತಡ, ಘಾಟಿಗೆ 26 ನಿಮಿಷ ಉಳಿತಾಯ. ಇಂಥ ಹಂಚಿಕೆಯ ಲೆಕ್ಕ ಬಿಡಿಸಲು ಅಮೆರಿಕದ ಗಣಿತಜ್ಞ ಹೆರಾಲ್ಡ್ ಕೂನ್ 1955ರಲ್ಲೇ ‘ಹಂಗೇರಿಯನ್ ವಿಧಾನ’ವನ್ನು ಪ್ರಕಟಿಸಿದರು.

ಲೆಕ್ಕ ಹಾಕಲು ವಾಹನ ಎಲ್ಲಿದೆಯೆಂದು ತಿಳಿದಿರಬೇಕು. 112 ತುರ್ತು ಸೇವೆಯ ವಾಹನಗಳಲ್ಲಿ ಜಿಪಿಎಸ್ ಮತ್ತು ಮಾಹಿತಿ ಪರದೆ ಇರುವುದು ಇದಕ್ಕೇ. ಈ ವ್ಯವಸ್ಥೆಯ ತಂತ್ರಾಂಶವನ್ನು ರೂಪಿಸಿದ್ದು ಸಿ-ಡ್ಯಾಕ್ ಸಂಸ್ಥೆ.

ವಾಹನ ಹೊರಟ ಮೇಲೂ ಕೆಲಸ ಮುಗಿಯದು. ಅದು ಬಿಟ್ಟುಹೋದ ಪ್ರದೇಶವನ್ನು ನೋಡಿಕೊಳ್ಳುವವರು ಯಾರು? ಯಾವ ವಾಹನ ಬಿಡುವಾಗಿದೆ, ಯಾವುದು ಕೆಲಸದಲ್ಲಿದೆ ಎಂಬುದರ ಎಲ್ಲ ಸಾಧ್ಯತೆಗಳನ್ನೂ ತೂಗಿ ಇದನ್ನು ಅಂದಾಜಿಸುವ ಮಾದರಿಯೊಂದನ್ನು ಎಂಐಟಿಯ ರಿಚರ್ಡ್ ಲಾರ್ಸನ್ 1974ರಲ್ಲಿ ಮುಂದಿಟ್ಟರು. ಪರಿಸ್ಥಿತಿಗೆ ಹೊಂದಿಕೊಳ್ಳುವ ತಂತ್ರಜ್ಞಾನ ಇಂಥ ಲೆಕ್ಕವನ್ನು ಪ್ರತಿ ಹೊಸ ಕರೆಗೂ ಮತ್ತೆ ಹಾಕಿ, ಉಳಿದ ವಾಹನಗಳಿಗೆ ಹೊಸ ಜಾಗ ಸೂಚಿಸುತ್ತದೆ.

ಘಟ್ಟದಲ್ಲಿ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಹಾರುವ ಹಕ್ಕಿಗೆ ಹತ್ತಿರವಾದದ್ದು ತಿರುವುಗಳ ದಾರಿಯಲ್ಲಿ ದೂರ. ಘಾಟಿಯ ಮೇಲ್ಭಾಗ ಚಿಕ್ಕಮಗಳೂರು ಜಿಲ್ಲೆ. ಕೆಲವೊಮ್ಮೆ ಕೊಟ್ಟಿಗೆಹಾರದ ಕಡೆಯಿಂದ ಇಳಿದು ಬರುವ ವಾಹನವೇ ಬೇಗ ತಲುಪೀತು, ಜಿಲ್ಲೆಯ ಗಡಿ ಅಡ್ಡ ಬರದಿದ್ದರೆ. 2019ರ ಆಗಸ್ಟ್‌ನಂತೆ ಗುಡ್ಡ ಜರಿದರೆ ನಕ್ಷೆಯಲ್ಲಿರುವ ರಸ್ತೆ ನೆಲದ ಮೇಲೆ ಇರುವುದಿಲ್ಲ. ಮೊಬೈಲ್ ಸಿಗ್ನಲ್ ಕೈಕೊಟ್ಟಾಗ ಕೊನೆಯ ಆದೇಶ ಪರದೆಯಲ್ಲೇ ಉಳಿದಿರಬೇಕು, ವರದಿಗಳು ಸಿಗ್ನಲ್ ಮರಳುವ ತನಕ ಉಪಕರಣದಲ್ಲಿ ಜಮೆಯಾಗಿರಬೇಕು, ಮಾತಿಗೆ ವೈರ್‌ಲೆಸ್ ಇರಬೇಕು.

ದಾರಿಗೆ ಮರ ಬಿದ್ದಿದೆ ಎಂಬುದು ಉಪಗ್ರಹಕ್ಕಿಂತ ಮೊದಲು ಗೊತ್ತಾಗುವುದು ಗಸ್ತಿನ ಚಾಲಕನಿಗೆ. ಅವನು ಒಂದು ಗುಂಡಿ ಒತ್ತಿ ಅದನ್ನು ತಿಳಿಸುವಂತಿದ್ದು, ಆ ಒಂದು ಸುದ್ದಿಗೆ ಉಳಿದೆಲ್ಲ ವಾಹನಗಳ ಲೆಕ್ಕ ಬದಲಾಗುವಂತಿದ್ದರೆ ಮಾತ್ರ ಈ ತಂತ್ರಜ್ಞಾನ ಘಟ್ಟಕ್ಕೆ ಹೊಂದಿಕೊಂಡಿತು ಎನ್ನಬಹುದು.