ಬೆಕ್ಕಿನ ಮೈಮಾತು: ಅರಿತರೆ ಮನೆಗೂ ಕ್ಷೇಮ

ನಿಂತಲ್ಲಿ ನಿಲ್ಲದೆ ಚಡಪಡಿಸುವವರನ್ನು ಕಾಲು ಸುಟ್ಟ ಬೆಕ್ಕಿಗೆ ಹೋಲಿಸುತ್ತೇವೆ. ತನ್ನ ಗುಟ್ಟು ಯಾರಿಗೂ ಕಾಣದೆಂದು ನಂಬಿದವರನ್ನು ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿಗೆ ಹೋಲಿಸುತ್ತೇವೆ. ಬೆಕ್ಕು ನಮ್ಮ ಮಾತಿನಲ್ಲಿ ಇಷ್ಟು ಬೆರೆತಿದ್ದರೂ ಅದರ ಮಾತು ಮಾತ್ರ ಅನೇಕ ಮನೆಗಳಲ್ಲಿ ಯಾರ ಗಮನಕ್ಕೂ ಬರುವುದಿಲ್ಲ. ‘ಸುಮ್ಮನೆ ಮಲಗಿದ್ದ ಬೆಕ್ಕು ಇದ್ದಕ್ಕಿದ್ದಂತೆ ಮಗುವನ್ನು ಪರಚಿತು’ ಎಂಬ ದೂರು ಸಾಮಾನ್ಯ. ಆದರೆ ಉಗುರು ಹೊರತೆಗೆಯುವ ಮೊದಲು ಬೆಕ್ಕು ಬಹುಮಟ್ಟಿಗೆ ಬಾಲ, ಕಿವಿ, ಕಣ್ಣುಗಳ ಮೂಲಕ ಎಚ್ಚರಿಕೆ ನೀಡಿರುತ್ತದೆ. ಅದನ್ನು ಅರಿತರೆ ಮಕ್ಕಳು ಗಾಯದಿಂದ ಪಾರಾಗುತ್ತಾರೆ. ಬೆಕ್ಕಿನ ಕಾಯಿಲೆಯೂ ಸಕಾಲದಲ್ಲಿ ತಿಳಿಯುತ್ತದೆ.

ಬಾಲ, ಕಿವಿ, ಕಣ್ಣು

ಬಾಲವನ್ನು ನೇರವಾಗಿ ಮೇಲೆತ್ತಿ, ತುದಿಯನ್ನು ಕೊಂಚ ಬಾಗಿಸಿಕೊಂಡು ಎದುರು ಬರುವ ಬೆಕ್ಕು ಸ್ನೇಹದಿಂದ ಬರುತ್ತಿದೆ ಎಂದರ್ಥ. ರೋಮ ನಿಮಿರಿ ಬಾಲ ದಪ್ಪವಾದರೆ ಅದು ಹೆದರಿದೆ. ಬಾಲವನ್ನು ಅತ್ತಿತ್ತ ರಪರಪನೆ ಬಡಿಯುತ್ತಿದ್ದರೆ ಸಹನೆ ಮೀರುತ್ತಿದೆ. ನಾಯಿ ಬಾಲ ಅಲ್ಲಾಡಿಸುವುದನ್ನು ಕಂಡು ಬೆಳೆದ ಮಕ್ಕಳು ಇದನ್ನೂ ಸಂತೋಷವೆಂದೇ ಭಾವಿಸುವ ಸಂಭವವುಂಟು.

ಮುಂದಕ್ಕೆ ತಿರುಗಿದ ಕಿವಿಗಳು ಕುತೂಹಲವನ್ನು ತೋರುತ್ತವೆ. ಅವು ಪಕ್ಕಕ್ಕೆ ಅಥವಾ ಹಿಂದಕ್ಕೆ ಚಪ್ಪಟೆಯಾಗಿ ಮಡಚಿದರೆ ಭಯವೋ ಕೋಪವೋ ಇದೆ. ಕಣ್ಣಿನ ಪಾಪೆ ಬಿಸಿಲಿನಲ್ಲಿ ಗೆರೆಯಂತಾಗಿ, ಕತ್ತಲಲ್ಲಿ ಅಗಲವಾಗುವುದು ಸಹಜ. ಸಾಕಷ್ಟು ಬೆಳಕಿದ್ದರೂ ಪಾಪೆ ಅರಳಿದ್ದರೆ ಅದು ಭಯದಿಂದ ಆಗಿರಬಹುದು, ಆಟದ ಹುರುಪಿನಿಂದಲೂ ಆಗಿರಬಹುದು. ಆದ್ದರಿಂದ ಒಂದು ಅಂಗವನ್ನಷ್ಟೇ ನೋಡದೆ ಇಡೀ ಮೈಯನ್ನು ಗಮನಿಸಬೇಕು.

ನಮ್ಮನ್ನು ನೋಡುತ್ತಾ ನಿಧಾನವಾಗಿ ರೆಪ್ಪೆ ಮುಚ್ಚಿ ತೆರೆಯುವುದು ವಿಶ್ವಾಸದ ಗುರುತು. ಮನುಷ್ಯರು ಹೀಗೆ ನಿಧಾನವಾಗಿ ಕಣ್ಣು ಮಿಟುಕಿಸಿದರೆ ಬೆಕ್ಕುಗಳೂ ಅದೇ ಬಗೆಯಲ್ಲಿ ಉತ್ತರಿಸುತ್ತವೆಂಬುದನ್ನು 2020ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯಗಳ ಸಂಶೋಧಕರು ತೋರಿಸಿಕೊಟ್ಟರು. ದಿಟ್ಟಿಸಿ ನೋಡುವುದನ್ನು ಮಾತ್ರ ಬೆಕ್ಕು ಬೆದರಿಕೆಯೆಂದು ಎಣಿಸುತ್ತದೆ.

ಬೆಕ್ಕು ಅಂಗಾತ ಮಲಗಿ ಹೊಟ್ಟೆ ತೋರಿಸಿದರೆ ಅದಕ್ಕೆ ನಿರ್ಭಯವೆನಿಸಿದೆ ಎಂದು ತಿಳಿಯಬಹುದು. ಹೊಟ್ಟೆ ಸವರಲು ಅನುಮತಿ ದೊರೆಯಿತೆಂದು ಕೈ ಹಾಕಿದರೆ ನಾಲ್ಕೂ ಪಂಜಗಳು ಒಮ್ಮೆಗೇ ಮೇಲೇಳುತ್ತವೆ. ಕೆನ್ನೆ, ಗದ್ದ, ಕಿವಿಗಳ ಬುಡ ಇವು ಸಾಮಾನ್ಯವಾಗಿ ಅದಕ್ಕೆ ಪ್ರಿಯವಾದ ಜಾಗಗಳು. ಮುದ್ದಿಸುವಾಗ ಬಾಲ ಬಡಿಯತೊಡಗಿದರೆ, ಬೆನ್ನಿನ ಚರ್ಮ ಅದುರಿದರೆ ಅಲ್ಲಿಗೇ ಕೈ ಹಿಂತೆಗೆಯುವುದು ಲೇಸು.

ನೋವನ್ನು ಮುಚ್ಚಿಡುವ ಪ್ರಾಣಿ

ಬೆಕ್ಕಿನ ಗೊರಗೊರ ಸದ್ದು ಸದಾ ಸಂತೋಷದ್ದೇ ಆಗಿರಬೇಕಿಲ್ಲ. ಗಾಯಗೊಂಡ, ಕಾಯಿಲೆ ಬಿದ್ದ ಬೆಕ್ಕೂ ಹಾಗೆ ಸದ್ದು ಮಾಡುವುದುಂಟು. ನೋವನ್ನು ತೋರಗೊಡದಿರುವುದು ಅದರ ಹುಟ್ಟುಗುಣ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವನ್ನು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಕಿವಿಗಳ ನಿಲುವು, ಕಣ್ಣುಗಳ ಕಿರಿದಾಗುವಿಕೆ, ಮೂತಿಯ ಬಿಗಿತ, ಮೀಸೆಯ ನಿಲುವು, ತಲೆಯ ಮಟ್ಟ ಎಂಬ ಐದು ಲಕ್ಷಣಗಳನ್ನು ಅದರಲ್ಲಿ ಪರಿಗಣಿಸುತ್ತಾರೆ. ಅರೆಮುಚ್ಚಿದ ಕಣ್ಣು, ಬಿಗಿದ ಮೂತಿ, ಭುಜಕ್ಕಿಂತ ಕೆಳಗೆ ತೂಗಿದ ತಲೆ ಇವು ಒಟ್ಟಿಗೆ ಕಂಡರೆ ‘ನಿದ್ದೆಗಣ್ಣು’ ಎಂದು ಕಡೆಗಣಿಸಬಾರದು.

ಎಂದೂ ಮರೆಯಲ್ಲಿ ಕೂರದ ಬೆಕ್ಕು ಮಂಚದಡಿ ಅಡಗಿದರೆ, ಮೈ ನೆಕ್ಕಿಕೊಳ್ಳುವುದನ್ನು ಬಿಟ್ಟರೆ, ಇಡೀ ದಿನ ಆಹಾರ ಮುಟ್ಟದಿದ್ದರೆ ಪಶುವೈದ್ಯರಿಗೆ ತೋರಿಸಬೇಕು. ಗಂಡು ಬೆಕ್ಕು ಮತ್ತೆ ಮತ್ತೆ ಮೂತ್ರಕ್ಕೆ ಕುಳಿತು ತಿಣುಕಿ, ಹನಿಯೂ ಬಾರದೆ ಕೂಗುತ್ತಿದ್ದರೆ ಮೂತ್ರನಾಳ ಕಟ್ಟಿಕೊಂಡಿರುವ ಸಂಭವವಿದೆ. ಒಂದೆರಡು ದಿನಗಳಲ್ಲೇ ಪ್ರಾಣ ಹೋಗಬಹುದಾದ ಸ್ಥಿತಿಯಿದು; ಬೆಳಗಾಗಲೆಂದು ಕಾಯಬಾರದು. ಮನೆಯಲ್ಲಿರುವ ಮಾತ್ರೆಗಳನ್ನು ಕೊಡುವ ಪ್ರಯೋಗವೂ ಸಲ್ಲದು. ಜ್ವರಕ್ಕೆ ನಾವು ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆಯೂ ಅದರ ಪ್ರಾಣ ತೆಗೆಯಬಹುದು.

ಕಚ್ಚಿದರೆ, ಪರಚಿದರೆ

ನಾಯಿಯಿಂದ ಹರಡುವಂತೆ ಬೆಕ್ಕಿನಿಂದಲೂ ರೇಬಿಸ್ ಹರಡಬಲ್ಲದು. ಆ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಬದುಕುಳಿಯುವುದು ಅತ್ಯಂತ ವಿರಳ. ಆದುದರಿಂದ ಗಾಯ ಎಷ್ಟೇ ಚಿಕ್ಕದಿರಲಿ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ವೈದ್ಯರನ್ನು ಕಾಣಬೇಕು. ಸುಣ್ಣ, ಅರಿಶಿನ, ಕಾಫಿಪುಡಿ, ಖಾರದ ಪುಡಿ ಯಾವುದನ್ನೂ ಮೆತ್ತಬಾರದು. ಬೆಕ್ಕಿನ ಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುವುದರಿಂದ ಮೇಲೆ ಚುಕ್ಕೆಯಷ್ಟೇ ಕಂಡರೂ ಒಳಗೆ ಕೀವು ಕಟ್ಟಬಹುದು. ಸಾಕಿದ ಬೆಕ್ಕಿಗೆ ಮೂರು ತಿಂಗಳು ತುಂಬಿದಾಗ ರೇಬಿಸ್ ಲಸಿಕೆ ಹಾಕಿಸಿ, ಮುಂದೆ ವೈದ್ಯರು ತಿಳಿಸಿದಂತೆ ಮುಂದುವರಿಸಬೇಕು.

ಮಕ್ಕಳಿಗೆ ಮೂರು ಮಾತು ಕಲಿಸಿದರೆ ಸಾಕು: ಮಲಗಿದ, ಉಣ್ಣುತ್ತಿರುವ, ಮರಿಗಳೊಡನಿರುವ ಬೆಕ್ಕನ್ನು ಮುಟ್ಟಬಾರದು, ಬಾಲ ಹಿಡಿದು ಎಳೆಯಬಾರದು, ಕೈ ಚಾಚಿದಾಗ ಅದು ತಾನಾಗಿ ಬಂದು ಕೆನ್ನೆ ಉಜ್ಜಿದರೆ ಮಾತ್ರ ಸವರಬೇಕು. ಬಾಯಿಲ್ಲದ ಜೀವಿಯ ಇಷ್ಟಾನಿಷ್ಟಗಳಿಗೆ ಮನ್ನಣೆ ಕೊಡುವುದನ್ನು ಮಗು ಹೀಗೆ ಮನೆಯಲ್ಲಿಯೇ ಕಲಿಯುತ್ತದೆ.